ಅಜ್ಜಿ ‘ಹೋದ’ ಸೋಮವಾರ

ಅದು ಸೋಮವಾರವೇ ಹೌದೋ ಅಲ್ಲವೋ ಖಾತ್ರಿ ಇಲ್ಲ. ನಾನಾಗ ಮೂರನೆಯ ಕ್ಲಾಸೋ ನಾಲ್ಕನೆಯದೋ. ಅರ್ಧ ಕಂಡದ್ದು, ಅರ್ಧ ಅಪ್ಪ ಹೇಳಿದ್ದು. ಹೇಳುವಾಗ ಅಪ್ಪ ಪ್ರತಿಸಲವೂ ಏನಾದರೂ ಸೇರಿಸುತ್ತಿದ್ದರು.

ಅಪ್ಪನಿಗೆ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಸೋಸಲೆ ಬಿಟ್ಟು ನಂಜನಗೂಡಿಗೆ ಬಂದಿದ್ದೆವು. ಅಜ್ಜಿ ದೊಡ್ಡಪ್ಪನ ಜೊತೆ ಊರಲ್ಲೇ ಇದ್ದರು. ಎರಡು ವರ್ಷದ ನಂತರ ಅಪ್ಪ ಅವರನ್ನೂ ಕರೆತಂದರು. ಅಜ್ಜಿಯ ಪಾಲಿನ ಅಕ್ಕಿ, ಸೀಮೆಎಣ್ಣೆ ನಂಜನಗೂಡಿನಲ್ಲಿ ಸಿಗಬೇಕಾದರೆ ದೊಡ್ಡಪ್ಪನ ರೇಷನ್ ಕಾರ್ಡಿನಲ್ಲಿ ಹೆಸರು ಕಡಿಮೆ ಮಾಡಿಸಿ ಚೀಟಿ ತರಬೇಕಿತ್ತು. ಅದಕ್ಕೆ ಅಪ್ಪ ಊರಿಗೆ ಹತ್ತಿರದ, ನರಸೀಪುರದ ಕಡೆಯ ಒಂದು ಆಫೀಸಿಗೆ ಹೋದರು. ಗುಮಾಸ್ತರು ಕಾರಣ ಕೇಳಿದರಂತೆ.

“ನಮ್ಮವ್ವ ಓಯ್ತು ಸಾ. ಓದ್ ಸ್ವಾಮಾರ.”

“ಛೆ. ತುಂಬ ಕಷ್ಟ ಪಟ್ರಾ?”

“ಏನಿಲ್ಲ ಸಾ. ಕೂತಂಗೇ ಓಯ್ತು.”

“ಪುಣ್ಯವಂತರು ಬಿಡಿ.”

ಬಸ್ಸಿನಲ್ಲಿ ಸೀಟು ಸಿಕ್ಕಿದ್ದಕ್ಕೆ ಇಷ್ಟು ಸಂತೋಷಪಡುವ ಸರ್ಕಾರಿ ನೌಕರರನ್ನು ಅಪ್ಪ ಅದುವರೆಗೆ ಕಂಡಿರಲಿಲ್ಲ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬಂದರು. ಓದಲಿಲ್ಲ.

ಓದಿದ್ದು ನಂಜನಗೂಡಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದವರು. ಅಲ್ಲಿ ನಾನೂ ಇದ್ದೆ, ಅಜ್ಜಿಯ ಸೆರಗು ಹಿಡಿದುಕೊಂಡು.

“ಇವರನ್ನ ಸೇರಿಸೋಕೆ ಆಗಲ್ಲ ರೀ. ತೀರ್ಕೊಂಡಿದಾರೆ.”

“ಯಾರಪ್ಪ ತೀರ್ಕಂಡೋರು?” ಎಂದರು ಅಜ್ಜಿ, ಮರುಕದಿಂದ.

ಆತ ಹೆಸರು ಓದಿದ. ಅಜ್ಜಿ ಅಪ್ಪನ ಮುಖ ನೋಡಿದರು.

“ಅದು ನಾನಲ್ವೇನ್ಲಾ? ಯಾವಾಗಂತೆ?”

“ಸ್ವಾಮಾರ ಕಣವ್ವ,” ಎಂದರು ಅಪ್ಪ, ಚೀಟಿ ನೋಡಿ.

“ಸ್ವಾಮಾರ ನಾನು ಬಸ್ಸಲ್ಲಿದ್ನಲ್ಲ.”

ಆತ ನಗಲಿಲ್ಲ. ಮೊದಲು ಊರಿನ ಕಾರ್ಡಿನಲ್ಲಿ ಹೆಸರು ಬದುಕಬೇಕು, ಆಮೇಲೆ ಅಲ್ಲಿಂದ ಬಿಡಿಸಿಕೊಂಡು ಬರಬೇಕು ಎಂದ.

ಮಾರನೆಯ ವಾರ ಅಪ್ಪ ಅಜ್ಜಿಯನ್ನೇ ಸಾಕ್ಷಿಗೆ ಮೊದಲಿನ ಆಫೀಸಿಗೆ ಕರೆದೊಯ್ದರು. ಗುಮಾಸ್ತರು ಎದ್ದು ನಿಂತರು ಎಂದು ಅಪ್ಪ ಹೇಳುತ್ತಾರೆ. ಕೈ ಮುಗಿದರು ಎಂಬುದು ನಂತರದ ವರ್ಷಗಳಲ್ಲಿ ಸೇರಿದ್ದು. ತಪ್ಪಾಯಿತು ಎಂದು ಹೆಸರನ್ನು ಮತ್ತೆ ಬರೆದು, “ಈಗ ‘ಸ್ಥಳಾಂತರ’ ಅಂತ ಹಾಕಿ ತೆಗೀಲಾ ಅಜ್ಜಿ?” ಎಂದು ಕೇಳಿದರಂತೆ.

“ಬ್ಯಾಡ ಸಾ. ನನ್ನೆಸ್ರು ಇಲ್ಲೇ ಇರ್ಲಿ. ಬೇಕಾರೆ ನಾನು ಅಲ್ಲಿರ್ತೀನಿ.”

ಅಪ್ಪ ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಕೊನೆಯವರೆಗೂ ಅವರ ಪಾಲಿನ ಅಕ್ಕಿಯನ್ನು ಸೋಸಲೆಯಲ್ಲಿ ದೊಡ್ಡಪ್ಪನ ಮನೆಯವರೇ ಉಂಡರು. ಅಜ್ಜಿಯ ಆ ಮಾತಿಗೆ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಾನೂ ಬಹಳ ವರ್ಷ ನಕ್ಕೆ. ಎಂ.ಎ. ಮುಗಿಸಿ ಕೆಲಸಕ್ಕೆಂದು ಊರೂರು ಬದಲಿಸತೊಡಗಿದ ಮೇಲೆ, ಒಂದು ರಜೆಯಲ್ಲಿ, ಅಪ್ಪ ಮತ್ತೆ ಈ ಕತೆ ಶುರುಮಾಡಿದಾಗ ನಡುವೆ ಬಾಯಿ ಹಾಕಿದೆ. ಅಪ್ಪ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಪೇಪರ್ ಎಳೆದುಕೊಂಡರು. ನಾನು ಕೇಳಿದ್ದು ಇಷ್ಟೇ:

“ಅಪ್ಪ, ಕರ್ಕೊಂಡು ಬರೋ ಮುಂಚೆ ಅಜ್ಜೀನ ‘ಬತ್ತೀಯಾ’ ಅಂತ ಕೇಳಿದ್ರಾ?”