ದಾಕ್ಷಾಯಿಣಿ ಬರೆದ ‘ದೇ’

ಯಮಕನಮರಡಿ ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ದಾಕ್ಷಾಯಿಣಿ ಆಯಾ ಆಗಿದ್ದಳು. ಕಸ ಹೊಡೆಯುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಉಪ್ಪಿಟ್ಟು ಮಾಡಿ ಬಡಿಸುವುದು ಅವಳ ಕೆಲಸ. ಲಾರಿ ಓಡಿಸುತ್ತಿದ್ದ ಗಂಡ ಸಿದ್ರಾಯ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕು ತೀರಿಕೊಂಡ ಮೇಲೆ ಅದೊಂದೇ ಆಸರೆ. ಅಲ್ಲಿಯ ಟೀಚರು ನಿವೃತ್ತರಾಗುವವರಿದ್ದರು. ಹತ್ತನೇ ತರಗತಿ ಪಾಸಾದರೆ ಆ ಜಾಗ ನಿನಗೇ ಸಿಕ್ಕೀತು ಎಂದು ಅವರೇ ಆಸೆ ಹಚ್ಚಿದ್ದರು. ದಾಕ್ಷಾಯಿಣಿ ಪರೀಕ್ಷೆಗೆ ಕೂತಳು. ಉಳಿದೆಲ್ಲ ವಿಷಯ ದಾಟಿದಳು, ಇಂಗ್ಲಿಷ್ ಮಾತ್ರ ಉಳಿಯಿತು.

ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಹುಕ್ಕೇರಿಯ ಸೋಮಶೇಖರ ಮಾಸ್ತರರ ಮನೆಗೆ ಪಾಠಕ್ಕೆ ಹೋಗತೊಡಗಿದಳು. ಅವರು ಸರ್ವನಾಮ ಕಲಿಸುತ್ತಿದ್ದರು. ಅವನು ‘ಹೀ’, ಅವಳು ‘ಶೀ’, ಅವರು ‘ದೇ’. ಇಷ್ಟೇನಾ ಅನ್ನಿಸಿತು ಅವಳಿಗೆ.

“ಮನ್ಯಾಗಿನ ಯಾರ್ದಾರ ಬಗ್ಗೆ ಮೂರು ವಾಕ್ಯ ಬರೀರಿ” ಎಂದರು ಮಾಸ್ತರರು.

ಅವಳು ಗಂಡನ ಬಗ್ಗೆ ಬರೆದಳು. ಮೈ ಹಸ್ಬಂಡ್ ವಾಸ್ ಎ ಡ್ರೈವರ್. ದೇ ಡ್ರೋವ್ ಎ ಲಾರಿ. ದೇ ಡೈಡ್.

ಮಾಸ್ತರರು ಅದರ ಮೇಲೆ ಕಣ್ಣಾಡಿಸಿ, “ಎಷ್ಟ ಮಂದಿ ಗಂಡಂದಿರವ್ವಾ ನಿನಗ?” ಅಂದುಬಿಟ್ಟರು. ಪಾಠಕ್ಕೆ ಬಂದು ಬಾಜೂ ಕೂತಿದ್ದ ಹುಡುಗಿಯರು ಕಿಸಕ್ಕೆಂದರು.

“ಒಬ್ರರಿ ಸರ್” ಎಂದಳು ದಾಕ್ಷಾಯಿಣಿ. ಕಿವಿ ಕಾದಿದ್ದವು. “ನಾ ಅವರಿಗೆ ಅವರು ಅಂತನ ಅಂತಿದ್ನಿರಿ. ಹೆಂಗ ಏಕವಚನ ಹಚ್ಚಲಿ?”

ಮಾಸ್ತರರ ಮುಖ ಪೆಚ್ಚಾಯಿತು. “ಇಂಗ್ಲಿಷಿನ್ಯಾಗ ಮರ್ಯಾದಿಗಿ ಬ್ಯಾರೆ ಮಾತಿಲ್ಲವ್ವ. ಅರಸನೂ ಹೀ, ಕಳ್ಳನೂ ಹೀ.”

ಅವಳು ‘ದೇ’ ಹೊಡೆದುಹಾಕಿ ‘ಹೀ ಡೈಡ್’ ಎಂದು ಬರೆದಳು. ‘ದೇ’ ಎಂದಾಗ ಮನೆಯ ಯಜಮಾನರಾಗಿದ್ದವರು ‘ಹೀ’ ಎಂದೊಡನೆ ಯಾರೋ ದಾರಿಹೋಕರಾಗಿಬಿಟ್ಟಂತಾಯಿತು. ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಿಡಿದು ಊರು ಬರುವತನಕ ಅತ್ತಳು. ಮುಂದಿನ ಪಾಠಗಳು ತಲೆಗೆ ಇಳಿಯಲೇ ಇಲ್ಲ. ‘ಹಿಮ್’ ಇರಬೇಕಾದಲ್ಲಿ ‘ಹಿಸ್’ ಬರೆದಳು, ‘ಹರ್’ ಇರಬೇಕಾದಲ್ಲಿ ‘ಶೀ’. ಪುಸ್ತಕ ತೆರೆದರೆ ಸಾಕು, ಹುಡುಗಿಯರ ಆ ನಗೆಯೇ ಕೇಳುತ್ತಿತ್ತು.

ಆ ಸಲವೂ ಇಂಗ್ಲಿಷ್ ಕೈಕೊಟ್ಟಿತು. ಹಳೆಯ ಟೀಚರು ನಿವೃತ್ತರಾದ ಜಾಗಕ್ಕೆ ಹುಕ್ಕೇರಿಯಿಂದ ಅನುರಾಧಾ ಎಂಬ ಎಳೆಯ ಪ್ರಾಯದವಳು ಬಂದಳು. ಒಳ್ಳೆಯ ಹುಡುಗಿ. ವಿಷಯ ತಿಳಿದು, “ದಾಕ್ಷಾಯಿಣಕ್ಕಾ, ಮುಂದಿನ ಸಲಕ್ಕ ನಾ ಹೇಳಿಕೊಡ್ತೀನ್ರಿ. ಇನ್ನೊಮ್ಮಿ ಕೂಡ್ರಿ” ಎಂದಳು.

“ಬ್ಯಾಡ್ರಿ ಟೀಚರ್ರ” ಎಂದಳು ದಾಕ್ಷಾಯಿಣಿ. “ಇನ್ನ ನನ್ನಿಂದ ಆಗೂದಿಲ್ರಿ.”

ಅನುರಾಧಾ ಮತ್ತೇನೋ ಹೇಳುವಷ್ಟರಲ್ಲಿ ಮಗುವೊಂದು ಚಡ್ಡಿ ತೋಯಿಸಿಕೊಂಡು ಅಳತೊಡಗಿತು. ದಾಕ್ಷಾಯಿಣಿ ಅದನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. ಮತ್ತೆಂದೂ ಪರೀಕ್ಷೆಗೆ ಕೂರಲಿಲ್ಲ.