ಏಕಪಾತ್ರದಲ್ಲಿ ಎರಡನೇ ದನಿ

ಗದಗಿನ ನನ್ನ ಮನೆಯಲ್ಲೇ ಕೂತು ಆನ್‌ಲೈನ್ ಏಕಪಾತ್ರಾಭಿನಯ ಸ್ಪರ್ಧೆಗೆ ತೀರ್ಪು ಕೊಡುತ್ತಿದ್ದೆ. ಅಭಿನಯಿಸುವವರದು ಬಿಟ್ಟು ಬೇರೆ ದನಿ ಕೇಳಬಾರದು ಎಂಬುದು ನಿಯಮ.

ಶಿರಹಟ್ಟಿಯ ಶಿಕ್ಷಕಿಯೊಬ್ಬರು ರಾಣಿಯಾಗಿ, ಯುದ್ಧದಲ್ಲಿ ಸೋತು ಬಂದ ರಾಜನ ಮೇಲೆ ಗುಡುಗಿದರು: "ಬರಿಗೈಯಲ್ಲಿ ಬಂದಿರಲ್ಲ, ನಾಚಿಕೆಯಾಗುವುದಿಲ್ಲವೇ?"

ಪರದೆಯಲ್ಲಿ ಅವರ ಹಿಂದಿನ ಬಾಗಿಲ ಕಡೆಯಿಂದ ಗಂಡಸಿನ ದನಿ ಬಂತು: "ಸಂತ್ಯಾಗ ಬದನಿಕಾಯಿ ಮುಗದಿದ್ವು. ನಾ ಏನ್ ಮಾಡ್ಲಿ?"

ರಾಣಿ ತಿರುಗಿ ನೋಡಲಿಲ್ಲ. "ಹಾಗಾದರೆ ಹೊರಗೇ ನಿಲ್ಲಿ!" ಎಂದು ಅದೇ ಗತ್ತಿನಲ್ಲಿ ಹೇಳಿ ಪಾತ್ರ ಮುಗಿಸಿದರು. ನಾನು ಮೈಕ್ ಬಂದ್ ಮಾಡಿ ಮನಸಾರೆ ನಕ್ಕೆ.

ಆಮೇಲೆ ಮೈಕ್ ಮತ್ತೆ ಚಾಲೂ ಮಾಡಿ, "ಎರಡನೇ ದನಿ ಬಂತಲ್ರಿ ಅಕ್ಕಾರ. ನಿಯಮ ಐತಿ" ಎಂದೆ.

"ಅದು ಅಭಿನಯ ಅಲ್ಲರೀ ಸರ. ನಮ್ಮ ಮನೆಯವರು ಖರೇನ ಅಂಜಿದ್ರು."

ಮೊದಲ ಬಹುಮಾನ ಅವರಿಗೇ ಕೊಟ್ಟೆ. ಕೊಡದಿರಲು ನನಗೂ ಧೈರ್ಯ ಸಾಲಲಿಲ್ಲ.