ಆರ್ವಿಡನ ಒಂಟಿಕಾಲು

ಆಗಸ್ಟ್ ತಿಂಗಳಲ್ಲಿ ಆರ್ವಿಡ್ ಮೂಸ್‌ಟೇಲ್ ಎಂಬ ತೊರೆಗಿಳಿದು ಎಡಗಾಲು ಮೇಲೆತ್ತಿ ನಿಂತನೆಂದರೆ ದೂರದ ಸಮುದ್ರದಲ್ಲಿರುವ ಮೀನುಗಳಿಗೂ ನಡುಕ ಹುಟ್ಟುತ್ತದೆ ಎಂದು ತೊರೆಯ ಪಕ್ಕದ ರಸ್ತೆಯಲ್ಲಿ ವಾಸಿಸುವ ಜನ ಆಣೆಯಿಟ್ಟು ಹೇಳುತ್ತಿದ್ದರು. ಅದು ಬರೀ ನಿಲುವಲ್ಲ, ತಪಸ್ಸು. ಒಂದು ಕಾಲು ಮೊಣಕಾಲುದ್ದದ ನೀರಿನಲ್ಲಿ, ಇನ್ನೊಂದು ಗಾಳಿಯಲ್ಲಿ, ಕೈಯಲ್ಲಿ ಗಾಳದ ಕೋಲು, ಮುಖದಲ್ಲಿ ಏನೂ ಇಲ್ಲ. ಕೊಕ್ಕರೆಗಳು ಬಂದು ನೋಡಿ ಕಲಿತುಕೊಂಡು ಹೋಗುತ್ತಿದ್ದವಂತೆ. ಒಮ್ಮೆ ಎದುರು ದಂಡೆಯಲ್ಲಿ ಕಂದು ಕರಡಿಯೊಂದು ಅವನಂತೆಯೇ ನಿಲ್ಲಲು ಹೋಗಿ ಮಗುಚಿ ಬಿದ್ದಿತಂತೆ. ಕರಡಿ ಬಿದ್ದದ್ದನ್ನು ಕಣ್ಣಾರೆ ಕಂಡವರು ಅಲ್ಲಿ ಮನೆಗೊಬ್ಬರಿದ್ದರು. ವರ್ಷದಿಂದ ವರ್ಷಕ್ಕೆ ಆ ಕರಡಿ ದಪ್ಪವಾಗುತ್ತ ಹೋಗಿತ್ತು.

ಇಂಥ ಆರ್ವಿಡ್ ಈ ವರ್ಷ ಎರಡೂ ಕಾಲನ್ನು ನೀರಿನಲ್ಲಿಟ್ಟು ನಿಂತಿದ್ದ.

ಅದನ್ನು ಮೊದಲು ಗಮನಿಸಿದವಳು ಬರ್ನಡಿನ್, ಅವನ ಹೆಂಡತಿ ಮೆರ್ನಾಳ ತಂಗಿ. ಮೆರ್ನಾ ಮಾರ್ಚ್‌ನಲ್ಲಿ, ಹಿಮ ಕರಗುವ ಮೊದಲೇ ತೀರಿಕೊಂಡಿದ್ದಳು. ಅಂದಿನಿಂದ ಬರ್ನಡಿನ್‌ಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಅಳಬೇಕು ಅನ್ನಿಸಿದಾಗಲೆಲ್ಲ ಅವಳು ಸೂಪು ಬೇಯಿಸುತ್ತಿದ್ದಳು. ಸೂಪನ್ನು ಡಬ್ಬಿಗೆ ತುಂಬಿ ಭಾವನ ಮನೆಯ ಮೆಟ್ಟಿಲ ಮೇಲಿಟ್ಟು ಬರುತ್ತಿದ್ದಳು. ಅವನು ತಿಂದು, ಡಬ್ಬಿ ತೊಳೆದು, ಅವಳ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಬೇಸಿಗೆಯಿಡೀ ಇಬ್ಬರ ನಡುವೆ ನಡೆದ ಮಾತುಕತೆ ಅಷ್ಟೆ. ಸೂಪಿಗೆ ಉಪ್ಪು ಹಾಕುವುದನ್ನು ಅವಳು ಯಾವಾಗಲೋ ಮರೆತಿದ್ದಳು. ಅವನೂ ಕೇಳಿರಲಿಲ್ಲ.

ಭಾವ ಎಷ್ಟು ಕಾಲಿನ ಮೇಲೆ ನಿಂತರೆ ಯಾರಿಗೇನು ನಷ್ಟ ಎನ್ನಬಹುದು. ಆದರೆ ಇಡೀ ರಸ್ತೆಯ ಚಳಿಗಾಲವೇ ಆ ಕಾಲಿಗೆ ಜೋತುಬಿದ್ದಿತ್ತು. ವರ್ಷದ ಮೊದಲ ಬೆಳ್ಳಿಬಣ್ಣದ ಸಾಲ್ಮನ್ ಮೀನು ರಸ್ತೆಯ ಅತಿ ಹಿರಿಯರಿಗೆ ಹೋಗಬೇಕು. ಅವರು ಅದನ್ನು ತಿನ್ನುವವರೆಗೆ ಯಾರೂ ಚಳಿಗಾಲಕ್ಕೆ ಮೀನು ಒಣಗಿಸುವ ತಮ್ಮ ಹೊಗೆಮನೆಯಲ್ಲಿ ಬೆಂಕಿ ಹಚ್ಚಿ ಮೀನು ನೇತುಹಾಕುವಂತಿಲ್ಲ. ರಸ್ತೆ ಬರುವುದಕ್ಕೂ ಮೊದಲೇ ಅಲ್ಲಿದ್ದ ಫೆಕ್ಲಾ ಅಜ್ಜಿಯ ಮನೆತನದವರ ಕ್ರಮ ಅದು. ಆಮೇಲೆ ಬಂದವರೂ ಅದನ್ನೇ ಕಲಿತರು. ಈಗ ಆ ಅತಿ ಹಿರಿಯಳೆಂದರೆ ಫೆಕ್ಲಾ ಅಜ್ಜಿಯೇ. ಪ್ರತಿವರ್ಷ ಮೊದಲ ಮೀನು ಹಿಡಿಯುತ್ತಿದ್ದವನು ಆರ್ವಿಡ್. ಅದನ್ನು ಸೀಳಿ, ತೊಳೆದು, ಅಜ್ಜಿಯ ಕೈಗಿಡುತ್ತಿದ್ದವಳು ಮೆರ್ನಾ.

ಆಗಸ್ಟ್ ಮುಗಿಯುತ್ತ ಬಂದಿತ್ತು. ಸಾಲ್ಮನ್‌ಗಳು ಹಿಂಡುಹಿಂಡಾಗಿ ತೊರೆ ಹತ್ತಿ ಮೇಲಿನ ಕೆರೆಯ ಕಡೆ ಹೊರಟಿದ್ದವು. ಅವು ಉದುರಿಸುವ ಮೊಟ್ಟೆಗಳಿಗಾಗಿ ಟ್ರೌಟ್ ಮೀನುಗಳು ಸಾಲ ಕೊಟ್ಟ ನೆಂಟರಂತೆ ಹಿಂದೆಯೇ ಬಿದ್ದಿದ್ದವು. ಮೊದಲು ಬಂದ ಸಾಲ್ಮನ್‌ಗಳ ಮೈ ಆಗಲೇ ಕೆಂಪಾಗತೊಡಗಿತ್ತು. ಪೂರಾ ಕೆಂಪಾದರೆ ಮಾಂಸ ಮೆತ್ತಗಾಗುತ್ತದೆ, ಆಮೇಲೆ ನಾಯಿಗಳಷ್ಟೇ ಖುಷಿಪಡಬೇಕು. ಹೊಗೆಮನೆಗಳು ಮಾತ್ರ ತಣ್ಣಗೆ ನಿಂತಿದ್ದವು.

"ಕಾಲು ಕೆಳಗಿಟ್ಟುಬಿಟ್ಟಿದ್ದಾನೆ ಕಣಮ್ಮ, ಅದಕ್ಕೇ ಮೀನು ಸಿಗ್ತಿಲ್ಲ," ಎಂದ ಅಂಗಡಿಯ ಡ್ವೇನ್, ಬರ್ನಡಿನ್‌ಗೆ ಈರುಳ್ಳಿ ತೂಗುತ್ತ. "ಇನ್ನು ನಾವೇ ಯಾರಾದರೂ ಎತ್ತಬೇಕು."

"ಏನನ್ನ?"

"ಕಾಲನ್ನ!"

ಮರುದಿನ ಡ್ವೇನ್ ಒಬ್ಬನೇ ಅಲ್ಲ, ಅರ್ಧ ರಸ್ತೆಯೇ ತೊರೆಯಲ್ಲಿ ಎಡಗಾಲೆತ್ತಿ ನಿಂತಿತ್ತು. ಒಬ್ಬ ವಾಲಿದರೆ ಪಕ್ಕದವನ ತೋಳು ಹಿಡಿಯುತ್ತಿದ್ದ, ಅವನು ತನ್ನ ಪಕ್ಕದವನದನ್ನು. ಹೀಗೆ ಇಡೀ ಸಾಲು ಬೇಲಿ ಮಲಗಿದಂತೆ ನೀರಿಗೆ ಮಲಗಿತು. ಬೀಳುವ ರಭಸದಲ್ಲಿ ಡ್ವೇನ್‌ನ ಗಾಳ ಯಾವುದೋ ಬಡಪಾಯಿ ಸಾಲ್ಮನ್‌ನ ಬಾಲಕ್ಕೆ ಚುಚ್ಚಿಕೊಂಡಿತು. ಗಾಳ ಬಾಯಿಗೆ ಸಿಕ್ಕದ ಮೀನನ್ನು ನೀರಿಗೇ ಬಿಡಬೇಕೆಂಬುದು ಅಲ್ಲಿ ಎಳೆಮಗುವಿಗೂ ಗೊತ್ತು. ಡ್ವೇನ್ ಅದನ್ನು ಕೋಟಿನೊಳಗೆ ಮುಚ್ಚಿಕೊಂಡು, ಉಳುಕಿದ ಕಾಲಲ್ಲೇ ಸೀದಾ ಅಜ್ಜಿಯ ಮನೆಗೆ ಓಡಿದ.

ಅಜ್ಜಿ ಮೀನಿನ ಬಾಯಿಗೆ ಬೆರಳಿಟ್ಟು ನೋಡಿದಳು. "ಬಾಯಿಗೆ ಏನೂ ಆಗಿಲ್ವಲ್ಲೋ. ಬಾಲದಲ್ಲಿ ಕಚ್ಚಿತಾ?"

"ಅದು... ತಿರುಗಿಕೊಂಡು ಕಚ್ಚಿತು, ಅಜ್ಜಿ."

"ಹಂಗಾದ್ರೆ ನೀನೂ ತಿರುಗಿಕೊಂಡು ಹೋಗು. ನಾನು ಆರ್ವಿಡ್ ತಂದದ್ದನ್ನೇ ತಿನ್ನೋದು."

"ಅವನು ತರೋದು ಯಾವಾಗ? ಮೀನೆಲ್ಲ ಕೆಂಪಾಗ್ತಾ ಇದೆ!"

"ನನಗೇನೋ ಅವಸರ? ಇನ್ನೂ ತೊಂಬತ್ತನಾಲ್ಕು."

ಈ ಸುದ್ದಿ ಕೇಳಿ ಬರ್ನಡಿನ್ ಸೂಪಿನ ಡಬ್ಬಿಯನ್ನು ಮೆಟ್ಟಿಲ ಮೇಲಿಡದೆ ನೇರವಾಗಿ ತೊರೆಗೇ ಒಯ್ದಳು. ಆರ್ವಿಡ್ ನೀರಿನಲ್ಲಿ ನೆಟ್ಟ ಕಂಬದಂತಿದ್ದ. ಅವನು ಬೆಳಗಿನಿಂದ ಅಲ್ಲೇ ಇದ್ದನೆಂದು ತುಟಿಯ ಬಣ್ಣವೇ ಹೇಳುತ್ತಿತ್ತು. ಅವಳು ದಂಡೆಯ ಕಲ್ಲಿನ ಮೇಲೆ ಕೂತಳು. ಏನಾದರೂ ಅನ್ನಿಸೀತು ಎಂದು ಕಾದಳು. ಏನೂ ಅನ್ನಿಸಲಿಲ್ಲ. ನೀರು ಹರಿಯುತ್ತಿತ್ತು, ಅಷ್ಟೆ.

ಗಾಳದ ದಾರ ಒಮ್ಮೆ ಬಿಗಿಯಾಯಿತು. ಕೋಲಿನ ತುದಿ ಬಾಗಿತು.

"ಭಾವ! ಎಳೀರಿ!"

ಆರ್ವಿಡ್ ಕೋಲಿನ ತುದಿಯನ್ನು ಯಾರದ್ದೋ ಮನೆಯ ಗಡಿಯಾರ ನೋಡಿದಂತೆ ನೋಡಿದ. ದಾರ ಸಡಿಲವಾಯಿತು. ಮೀನು ಹೋಯಿತು.

"ಕಚ್ಚಿದ್ದು ಗೊತ್ತಾಗಲಿಲ್ವಾ?"

"ಆಯ್ತು."

"ಮತ್ತೆ?"

"ದಿನಾ ಕಚ್ತವೆ." ಅವನು ದಾರ ಸುತ್ತಿಕೊಂಡ. "ಹಿಡಿದರೆ ಮನೆಗೆ ಒಯ್ಯಬೇಕು. ಯಾರು ಸೀಳೋದು?"

ಬೇಸಿಗೆಯಿಡೀ ಅವನಾಡಿದ ಮಾತುಗಳಲ್ಲೆಲ್ಲ ಇದೇ ಉದ್ದದ್ದು. ಬರ್ನಡಿನ್ ಡಬ್ಬಿಯ ಮುಚ್ಚಳವನ್ನು ತೆಗೆದಳು, ಮತ್ತೆ ಹಾಕಿದಳು.

"ನಾನು ಸೀಳ್ತೀನಿ."

ಆರ್ವಿಡ್ ಮೊದಲ ಬಾರಿಗೆ ತಿರುಗಿ ನೋಡಿದ. "ನೀನಾ? ನೀನು ಸೀಳಿದ ಮೀನು ಹರಿದ ಕಾಲುಚೀಲದ ಹಾಗಿರುತ್ತೆ ಅಂತಿದ್ದಳು ಅವಳು."

"ಅಂತಿದ್ದಳು. ಅಜ್ಜಿ ಕಾಲುಚೀಲನೇ ತಿನ್ನಲಿ. ಹಲ್ಲಂತೂ ಇಲ್ಲ."

ಆರ್ವಿಡ್ ಗಾಳವನ್ನು ಈ ಸಲ ಆಳದ ಮಡುವಿಗೆ, ಬಿದ್ದ ಮರದ ಬುಡಕ್ಕೆ ಎಸೆದ. ದಾರ ಬಿಗಿಯಾಯಿತು. ಅವನು ಎಳೆದ.

ಮುಂದಿನದು ಮಹಾಯುದ್ಧ. ಸಾಲ್ಮನ್ ನೀರಿನಿಂದ ಮೇಲೆ ಹಾರಿ, ಶತ್ರು ಯಾರೆಂದು ಖುದ್ದು ನೋಡಿ, ಕೆರೆಯ ಕಡೆ ದೌಡಾಯಿಸಿತು. ಆರ್ವಿಡ್ ಬೆನ್ನಟ್ಟಿದ. ಮರಗಟ್ಟಿದ ಕಾಲುಗಳು ಒಡೆಯನ ಜೊತೆ ಬರಲೊಪ್ಪದೆ ಹಿಂದುಳಿದವು, ಒಡೆಯ ಮುಗ್ಗರಿಸಿ ಕುತ್ತಿಗೆಯವರೆಗೆ ಮುಳುಗಿದ. ಮುಳುಗಿದವನ ಮಡಿಲಿಗೇ ಮೀನು ತಿರುಗಿ ಬಂತು. ಅವನು ಕೋಲನ್ನು ಬಿಸಾಕಿ ಮೀನನ್ನು ತಬ್ಬಿಕೊಂಡ. ಅದು ಅವನ ಕೆನ್ನೆಗೆ ಬಾಲದಿಂದ ಬಾರಿಸಿತು. ಇವನು ಬಿಡಲಿಲ್ಲ, ಅದೂ ಬಿಡಲಿಲ್ಲ. ಯಾರು ಯಾರನ್ನು ಹಿಡಿದರೆಂದು ದಂಡೆಯಿಂದ ಹೇಳುವುದು ಕಷ್ಟವಾಗಿತ್ತು. "ಗಾಳ ಬಾಯಲ್ಲೇ ಇದೆ!" ಎಂದು ಆರ್ವಿಡ್ ಕೂಗಿದಾಗಲೇ ಬರ್ನಡಿನ್‌ಗೆ ತೀರ್ಪು ತಿಳಿದದ್ದು.

ಅವನು ಎದ್ದು ನಿಂತ. ಹಲ್ಲು ಕಟಕಟ ಕಡಿಯುತ್ತಿತ್ತು. ಮೀನನ್ನು ಎದೆಗವಚಿಕೊಂಡೇ ಒಂದು ಕ್ಷಣ ನೀರನ್ನು ನೋಡಿದ. ಆಮೇಲೆ ಅವನ ಎಡಗಾಲು ಮೆಲ್ಲಗೆ, ಯಾರೂ ಹೇಳದೆಯೇ, ಮೇಲೆದ್ದಿತು.

ಬರ್ನಡಿನ್‌ಳ ಕೈಯಿಂದ ಸೂಪಿನ ಡಬ್ಬಿ ಜಾರಿ ತೊರೆಗೆ ಬಿತ್ತು. ಟ್ರೌಟ್‌ಗಳು ಬಂದು ಮೂಸಿ ವಾಪಸಾದವು. ಅವಳು ಮೂಗೊರೆಸಿಕೊಂಡಳು. ಚಳಿಗೆ ಮೂಗು ಸೋರುತ್ತದೆ, ಅದರಲ್ಲೇನು ವಿಶೇಷ.

ಅಜ್ಜಿಯ ಜಗಲಿಯಲ್ಲಿ ರಸ್ತೆಯ ಜನವೆಲ್ಲ ಸೇರಿದರು. ಬರ್ನಡಿನ್ ಮೆರ್ನಾಳ ಚಾಕು ತರಿಸಿ ಮೀನು ಸೀಳಿದಳು. ಅದು ಥೇಟ್ ಕಾಲುಚೀಲದ ಹಾಗಾಯಿತು, ಹೆಬ್ಬೆರಳ ಕಡೆ ಹರಿದದ್ದು. ಬೆಣ್ಣೆಯಲ್ಲಿ ಹುರಿದ ತುಂಡನ್ನು ಅಜ್ಜಿ ನಿಧಾನವಾಗಿ ನುಂಗಿದಳು.

"ಉಪ್ಪಿಲ್ಲ," ಎಂದಳು. ಆಮೇಲೆ, "ಬೆಂಕಿ ಹಚ್ಚಿಕೊಳ್ರೋ," ಎಂದಳು.

ಹುಡುಕಾಡಿ ಉಪ್ಪು ತಂದವನು ಆರ್ವಿಡ್. ಅಷ್ಟರಲ್ಲಿ ಒಂದೊಂದೇ ಹೊಗೆಮನೆಯಿಂದ ಆಲ್ಡರ್ ಕಟ್ಟಿಗೆಯ ಹೊಗೆ ಮೇಲೇಳತೊಡಗಿತ್ತು. ಡ್ವೇನ್ ಮಾತ್ರ ಕದಲಲಿಲ್ಲ. ಅವನ ಕಾಲಿನ್ನೂ ಉಳುಕಿತ್ತು.

"ಇವತ್ತು ಬಾಯಿಬಿಡಲೇಬೇಕು ಆರ್ವಿಡ್," ಎಂದ. "ಇಷ್ಟು ವರ್ಷ ಆ ಕಾಲೆತ್ತಿಕೊಂಡು ನಿಂತೆ. ಈ ವರ್ಷ ಕೆಳಗಿಟ್ಟೆ. ಇವತ್ತು ಮತ್ತೆ ಎತ್ತಿದೆಯಂತೆ. ಏನಪ್ಪ ಅದರ ಮರ್ಮ?"

ಜಗಲಿಯಲ್ಲಿ ಉಳಿದವರು ಹತ್ತಿರ ಸರಿದರು. ಅಜ್ಜಿ ಕೂಡ ನುಂಗುವುದನ್ನು ನಿಲ್ಲಿಸಿದಳು. ಆರ್ವಿಡ್ ಮೆಟ್ಟಿಲ ಮೇಲೆ ಕೂತು ಎಡಗಾಲಿನ ರಬ್ಬರ್ ಬೂಟನ್ನು ಕಷ್ಟಪಟ್ಟು ಕಳಚಿ, ತಲೆಕೆಳಗು ಮಾಡಿದ. ಒಂದು ಬೋಗುಣಿಯಷ್ಟು ನೀರು ಸುರಿಯಿತು.

"ಇದು ಮೊದಲಿಂದಲೂ ಸೋರುತ್ತೆ ಕಣೋ," ಎಂದ. "ಈ ವರ್ಷ ಚಳಿ ಗೊತ್ತಾಗ್ತಿರಲಿಲ್ಲ. ಇವತ್ತು ಗೊತ್ತಾಯ್ತು."